ಮನೆಯಲ್ಲೇ ಧ್ವನಿಮುದ್ರಿಸಿದ ಹಾಡಿನ ಹಿಂದಿನ ಕಥೆಯನ್ನು ಬರೆದಿಡುವ ಬಗೆ

ತಾವೇ ಸಾಹಿತ್ಯ ಬರೆದು, ತಾವೇ ರಾಗ ಹೊಂದಿಸಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮೊಬೈಲನ್ನು ದಿಂಬಿಗೆ ಒರಗಿಸಿಟ್ಟು ಹಾಡಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇಂಥ ಓದುಗರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಒಂದೇ: ಹಾಡುಗಳೇನೋ ಇವೆ, ಅವುಗಳ ಹಿಂದಿನ ಕಥೆಯನ್ನೂ ಬರೆದಿಡಬೇಕೆಂಬ ಆಸೆ ಇದೆ, ಆದರೆ ಎಲ್ಲಿಂದ ಶುರುಮಾಡಬೇಕು, ಏನನ್ನು ಬರೆಯಬೇಕು? ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕೆಲಸವನ್ನು ಹಂತಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಓದುಗರು ಕಳುಹಿಸಿದ ಟಿಪ್ಪಣಿಗಳಲ್ಲಿ ಹೆಚ್ಚಿನವು "ಈ ಹಾಡು ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು" ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಇದು ಕಥೆಯಲ್ಲ. ಹಾಡಿನ ಕಥೆ ಮೊದಲು ಇರುವುದು ಧ್ವನಿಮುದ್ರಣದ ಒಳಗೆ, ಆಮೇಲೆ ಕಾಗದದಲ್ಲಿ, ಕೊನೆಗೆ ನಿಮ್ಮ ನೆನಪಿನಲ್ಲಿ. ಬರೆಯುವಾಗಲೂ ಇದೇ ಕ್ರಮವನ್ನು ಅನುಸರಿಸಬೇಕು ಎಂಬುದೇ ಈ ಲೇಖನದ ಸಾರ. ನೆನಪಿನಿಂದ ಹೊರಟವರು ಸಾಮಾನ್ಯವಾಗಿ ಹಾಡು ಕಟ್ಟಿದ ದಿನದ ಕಥೆಯನ್ನಲ್ಲ, ಇಂದು ತಮಗೆ ಒಪ್ಪುವ ಕಥೆಯನ್ನು ಬರೆಯುತ್ತಾರೆ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಾಸರು ಪದದ ಕೊನೆಯಲ್ಲಿ ಅಂಕಿತ ಹಾಕಿದ್ದರಿಂದ ಅದು ಯಾರದೆಂದು ಇಂದಿಗೂ ತಿಳಿಯುತ್ತದೆ. ಆದರೆ ಪುರಂದರದಾಸರ ಬಹುಪಾಲು ಪದಗಳ ಮೂಲ ಧಾಟಿ ನಮಗೆ ದಕ್ಕಿಲ್ಲ. ಇಂದು ನಾವು ಕೇಳುವುದು ಹೆಚ್ಚಾಗಿ ಆಮೇಲಿನವರು ಕೂಡಿಸಿದ ರಾಗಗಳನ್ನು. ನಿಮ್ಮ ಬಳಿ ಧಾಟಿಯ ಮುದ್ರಣವೇ ಇದೆ. ಇಲ್ಲದಿರುವುದು ಅದರ ಸುತ್ತಲಿನ ವಿವರ ಮಾತ್ರ.

ಏನೇನು ಬೇಕು

ಒಂದು ಕಂಪ್ಯೂಟರ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಆಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನಾ ತಂತ್ರಾಂಶ, ಕಡತದ ಒಳ ವಿವರಗಳನ್ನು ತೋರಿಸುವ ಮೀಡಿಯಾಇನ್ಫೋ ಎಂಬ ಇನ್ನೊಂದು ಉಚಿತ ತಂತ್ರಾಂಶ, ಒಂದು ಬಾಹ್ಯ ಹಾರ್ಡ್ ಡಿಸ್ಕ್ ಮತ್ತು ಒಂದು ದಪ್ಪ ನೋಟ್‌ಬುಕ್. ಹಳೆಯ ಕ್ಯಾಸೆಟ್ಟುಗಳಿದ್ದರೆ ಸುಸ್ಥಿತಿಯಲ್ಲಿರುವ ಒಂದು ಪ್ಲೇಯರ್ ಕೂಡ ಬೇಕು. ದುಬಾರಿ ಮೈಕು ಕೊಳ್ಳುವ ಅಗತ್ಯವಿಲ್ಲ; ಇದು ಹೊಸದಾಗಿ ಹಾಡುವ ಕೆಲಸವಲ್ಲ.

1. ಎಲ್ಲವನ್ನೂ ಒಂದೆಡೆ ತನ್ನಿ, ಯಾವುದನ್ನೂ ಅಳಿಸಬೇಡಿ

ಫೋನಿನಲ್ಲಿರುವ ಕಡತಗಳನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಧ್ವನಿ ಸಂದೇಶವಾಗಿ ಕಳುಹಿಸಿಕೊಳ್ಳುವ ಸುಲಭದ ದಾರಿ ಹಿಡಿಯಬೇಡಿ. ಕಡತವನ್ನು ಕಳುಹಿಸಲೇಬೇಕಾದ ಸಂದರ್ಭದಲ್ಲಿ 'ಡಾಕ್ಯುಮೆಂಟ್' ಎಂಬ ಆಯ್ಕೆಯನ್ನು ಬಳಸಿ. ಆಗ ಧ್ವನಿಯ ಗುಣಮಟ್ಟ ಕುಗ್ಗದೆ ಕಡತ ಇದ್ದ ಹಾಗೆಯೇ ಹೋಗುತ್ತದೆ.

ಅರ್ಧಕ್ಕೆ ನಿಂತ ಪ್ರಯತ್ನ, ಪಲ್ಲವಿಯನ್ನಷ್ಟೇ ಗುನುಗಿದ 20 ಸೆಕೆಂಡಿನ ತುಣುಕು, ಕೆಮ್ಮು ಬಂದು ನಿಲ್ಲಿಸಿದ್ದು, ಇವೆಲ್ಲವನ್ನೂ ಉಳಿಸಿಕೊಳ್ಳಿ. ಕಥೆ ಹೊರಡುವುದು ಬಹಳ ಸಲ ಇವುಗಳಿಂದಲೇ ಹೊರತು ಕೊನೆಗೆ ಒಪ್ಪಿಕೊಂಡ ಚೊಕ್ಕ ಪ್ರತಿಯಿಂದಲ್ಲ.

ದಿನಾಂಕ ಪತ್ತೆಮಾಡುವಾಗ ಎರಡು ಕಡೆ ಎಡವುತ್ತೇವೆ. ವಾಟ್ಸಾಪಿನ ಮೂಲಕ ಬಂದ ಕಡತದ ಹೆಸರಿನಲ್ಲಿ ಕಾಣುವ ದಿನಾಂಕ ಅದು ಆ ಫೋನಿಗೆ ಬಂದ ದಿನದ್ದು, ಹಾಡಿದ ದಿನದ್ದಲ್ಲ. ಎರಡೂ ಒಂದೇ ಆಗಿರಬಹುದು, ಆಗಿರಲೇಬೇಕೆಂದಿಲ್ಲ. ಎರಡನೆಯದಾಗಿ, ಫೋನು ಮುದ್ರಿಸಿದ ಮೂಲ ಕಡತವನ್ನು ಮೀಡಿಯಾಇನ್ಫೋದಲ್ಲಿ ತೆರೆದಾಗ ಕಾಣುವ ಸಮಯ ಸಾಮಾನ್ಯವಾಗಿ ಗ್ರೀನಿಚ್ ಲೆಕ್ಕದ್ದಾಗಿರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಸಿಗುತ್ತದೆ. ಅಲ್ಲಿ 16:10 ಎಂದಿದ್ದರೆ ನೀವು ಹಾಡಿದ್ದು ರಾತ್ರಿ 9:40ಕ್ಕೆ. ಈ ಲೆಕ್ಕ ತಪ್ಪಿದರೆ ರಾತ್ರಿಯ ಹಾಡು ಸಂಜೆಯ ಹಾಡಾಗುತ್ತದೆ, ಬೆಳಗಿನ ಜಾವ ಮುದ್ರಿಸಿದ್ದು ಹಿಂದಿನ ದಿನದ ಖಾತೆಗೆ ಹೋಗುತ್ತದೆ.

2. ಕ್ಯಾಸೆಟ್ ಇದ್ದವರಿಗೆ

ಇಲ್ಲದವರು ಮೂರನೆಯ ಹಂತಕ್ಕೆ ಹೋಗಬಹುದು.

ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ಅಕಸ್ಮಾತ್ತಾಗಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿದ್ದ ಕ್ಯಾಸೆಟ್ಟುಗಳ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಟ್ಟಿರುವುದುಂಟು. ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಅದು ಟೇಪನ್ನು ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬಲ್ಲವರಿಂದ ಶುಚಿ ಮಾಡಿಸಿ. ಚೊಕ್ಕವಾಗಿರುವ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಪ್ಲೇಯರಿನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ದ ಹತ್ತಿಯಿಂದ ಒರಸಿ, ಅದು ಒಣಗಿದ ಮೇಲೆ ನುಡಿಸಿ.

ಲ್ಯಾಪ್‌ಟಾಪಿನ ಒಂಟಿ ಕಿಂಡಿಗೆ ಪ್ಲೇಯರನ್ನು ನೇರವಾಗಿ ಜೋಡಿಸಿದರೆ ಧ್ವನಿ ಒಡೆಯುತ್ತದೆ, ಏಕೆಂದರೆ ಆ ಕಿಂಡಿ ಮೈಕಿನ ಕ್ಷೀಣ ಸಂಕೇತಕ್ಕಾಗಿ ಇರುವಂಥದ್ದು. ನಡುವೆ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಧ್ವನಿ ಸಂಕೇತವನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳನ್ನಾಗಿ ಬದಲಿಸುವ ಪುಟ್ಟ ಪೆಟ್ಟಿಗೆ, ಇರಲಿ. ಆಡಾಸಿಟಿಯಲ್ಲಿ 48,000 ಹರ್ಟ್ಸ್, 24 ಬಿಟ್ ಎಂದು ಆರಿಸಿ, ಧ್ವನಿಯನ್ನು ಕುಗ್ಗಿಸದೆ ಹಿಡಿದಿಡುವ ವೇವ್ ಕಡತವಾಗಿ ಉಳಿಸಿ. ಎರಡು ಚಾನೆಲ್ಲಿನ ಇಂಥ ಕಡತ ನಿಮಿಷಕ್ಕೆ ಸುಮಾರು 17 ಎಂಬಿ ಜಾಗ ತಿನ್ನುತ್ತದೆ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ. ಹಾಡು ಮುಗಿಯಿತೆಂದು ನಡುವೆ ನಿಲ್ಲಿಸದೆ ಬದಿ ಪೂರ್ತಿ ಮುಗಿಯುವವರೆಗೂ ಓಡಲು ಬಿಡಿ. ಎರಡು ಹಾಡುಗಳ ನಡುವಿನ ಮಾತು ಹಾಡಿಗಿಂತ ಹೆಚ್ಚು ಹೇಳುವ ಸಂದರ್ಭಗಳಿವೆ.

ಇನ್ನು ವೇಗದ ವಿಚಾರ. ಹಳೆಯ ಪ್ಲೇಯರುಗಳು ನಿಗದಿತ ವೇಗಕ್ಕಿಂತ ಜೋರಾಗಿಯೋ ನಿಧಾನವಾಗಿಯೋ ಓಡುತ್ತವೆ, ವೇಗದೊಂದಿಗೆ ಶ್ರುತಿಯೂ ಬದಲಾಗುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಸರಿಸುಮಾರು ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ಇದನ್ನು ಪತ್ತೆಮಾಡಲು ಒಂದು ಉಪಾಯವಿದೆ. ನಮ್ಮ ಮನೆಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಕರೆಂಟಿಗೆ ಜೋಡಿಸಿ ಮುದ್ರಿಸಿದ ಕ್ಯಾಸೆಟ್ಟಿನಲ್ಲಿ ಹಾಡಿನ ಅಡಿಯಲ್ಲಿ ಸಣ್ಣಗೆ 'ಹೂಂ' ಎಂಬ ಗುಂಯ್ಗುಡುವಿಕೆ ಇರುತ್ತದೆ. ಹಾಡು ಶುರುವಾಗುವ ಮುಂಚಿನ ಖಾಲಿ ಜಾಗವನ್ನು ಆಯ್ದು, ಆಡಾಸಿಟಿಯ ವಿಶ್ಲೇಷಣೆ ಪಟ್ಟಿಯಲ್ಲಿರುವ ಪ್ಲಾಟ್ ಸ್ಪೆಕ್ಟ್ರಮ್ ತೆರೆದು, ಗಾತ್ರವನ್ನು 65536ಕ್ಕೆ ಇಟ್ಟು ನೋಡಿ. 50ರ ಬದಲು 52ರಲ್ಲಿ ಶಿಖರ ಕಂಡರೆ ಪ್ಲೇಯರು ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡಿದೆ ಎಂದು ಅರ್ಥ.

ಆದರೆ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ತೊಂಬತ್ತರ ದಶಕದಲ್ಲಿ ದಕ್ಷಿಣ ಭಾರತದ ವಿದ್ಯುತ್ ಜಾಲದ ಆವರ್ತನ 48ರ ಆಸುಪಾಸಿಗೆ ಇಳಿಯುತ್ತಿದ್ದುದು ಸಾಮಾನ್ಯವಾಗಿತ್ತು, ಹಾಗಾಗಿ ಆ ಕಾಲದ ಮುದ್ರಣಗಳಲ್ಲಿ ಮೂಲದ ಗುಂಯ್ಗುಡುವಿಕೆಯೇ 50 ಇರದೆ ಹೋಗಬಹುದು. ಇಂದಿನ ನಿಮ್ಮ ಪ್ಲೇಯರಿನ ಅಥವಾ ಲ್ಯಾಪ್‌ಟಾಪ್ ಚಾರ್ಜರಿನ ಗುಂಯ್ಗುಡುವಿಕೆಯೂ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ ಮುದ್ರಿಸುವಾಗ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ. ಬ್ಯಾಟರಿ ಸೆಲ್ಲಿನ ರೆಕಾರ್ಡರಿನಲ್ಲಿ ಹಾಡಿದ್ದರೆ ಕರೆಂಟಿನ ಸದ್ದೇ ಸಿಗುವುದಿಲ್ಲ. ಮೇಲಾಗಿ ಸೆಲ್ಲು ಸೋತಂತೆ ಟೇಪು ನಿಧಾನವಾಗಿ, ಇಂದು ಕೇಳುವಾಗ ಹಾಡು ಕೊನೆಕೊನೆಗೆ ಮೇಲೇರಿದಂತೆ ಕೇಳಿಸುತ್ತದೆ. ಜೊತೆಯಲ್ಲಿ ಹಾರ್ಮೋನಿಯಂ ನುಡಿದಿದ್ದು, ಆ ಹಾರ್ಮೋನಿಯಂ ಇನ್ನೂ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

3. ಕಥೆಗಾಗಿ ಅಲ್ಲ, ಸದ್ದಿಗಾಗಿ ಕೇಳಿ

ಈ ಹಂತದಲ್ಲಿ ಅವಸರ ಮಾಡಬೇಡಿ. ಹೆಡ್‌ಫೋನ್ ಹಾಕಿಕೊಂಡು ಒಂದು ಮುದ್ರಣವನ್ನು ಮೂರು ಸಲ ಕೇಳಿ. ಮೊದಲ ಸಲ ಬರಿದೇ ಕೇಳಿ. ಎರಡನೆಯ ಸಲ ಹಾಡನ್ನು ಬಿಟ್ಟು ಉಳಿದದ್ದನ್ನು ಕೇಳಿ: ಫ್ಯಾನಿನ ಗರಗರ, ಕುಕ್ಕರಿನ ಸೀಟಿ, ಮಸೀದಿಯ ಬಾಂಗು, ದೇವಸ್ಥಾನದ ಗಂಟೆ, ಹಂಚಿನ ಮೇಲೆ ಬೀಳುವ ಮಳೆ, ಲೊಚಗುಟ್ಟುವ ಹಲ್ಲಿ, ಪಕ್ಕದ ಮನೆಯ ಟಿವಿ. ಪ್ರತಿಯೊಂದನ್ನೂ ನಿಮಿಷ ಸೆಕೆಂಡುಗಳ ಸಮೇತ ಬರೆದುಕೊಳ್ಳಿ. ಮೂರನೆಯ ಸಲ ಹಾಡುವಿಕೆಯನ್ನು ಗಮನಿಸಿ: ಎಲ್ಲಿ ಉಸಿರು ಸಾಲಲಿಲ್ಲ, ಎಲ್ಲಿ ಮಾತು ಮರೆತು ಗುನುಗಿದಿರಿ, ಎಲ್ಲಿ ತಾಳ ಓಡಿತು.

ಈ ಸದ್ದುಗಳು ದಿನಾಂಕವಿಲ್ಲದ ಮುದ್ರಣಕ್ಕೆ ಕಾಲವನ್ನು ಹೇಳುತ್ತವೆ. ಫ್ಯಾನು ತಿರುಗುತ್ತಿದ್ದರೆ ಬಹುಶಃ ಅದು ಚಳಿಗಾಲವಲ್ಲ. ಮಗುವಿನ ಧ್ವನಿ ತೊದಲುತ್ತಿದ್ದರೆ ಅದರ ಹುಟ್ಟಿದ ವರ್ಷದಿಂದ ಲೆಕ್ಕ ಹಾಕಬಹುದು. ಗೋಡೆಗಳಿಂದ ಧ್ವನಿ ಮರಳಿ ಬರುವ ರೀತಿಯಿಂದ ಅದು ಯಾವ ಮನೆ, ಯಾವ ಕೋಣೆ ಎಂದು ನಿಮ್ಮ ಕಿವಿಗಾದರೂ ಗುರುತು ಹತ್ತುತ್ತದೆ. ಬಾಡಿಗೆ ಮನೆಗಳನ್ನು ಮೇಲಿಂದ ಮೇಲೆ ಬದಲಿಸಿದವರಿಗೆ ಇದು ಪಂಚಾಂಗಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದೇ ಕಾರಣಕ್ಕೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಮೂಲ ಕಡತದ ಮೇಲೆ ನಾಯ್ಸ್ ರಿಡಕ್ಷನ್, ಅಂದರೆ ಹಿನ್ನೆಲೆಯ ಸದ್ದನ್ನು ತೊಳೆಯುವ ಸೌಲಭ್ಯವನ್ನು ಬಳಸಬೇಡಿ. ನೆಂಟರಿಗೆ ಕೇಳಿಸಲು ಚೊಕ್ಕ ಪ್ರತಿ ಬೇಕಿದ್ದರೆ ನಕಲಿನ ಮೇಲೆ ಮಾಡಿಕೊಳ್ಳಿ. ನನ್ನ ಮಟ್ಟಿಗೆ ಹೇಳುವುದಾದರೆ, ತೊಳೆದ ಪ್ರತಿಗಳಲ್ಲಿ ಮಳೆಯ ಜೊತೆಗೆ ಗಂಟಲಿನ ಜೀವವೂ ಅರ್ಧ ಹೋಗಿರುತ್ತದೆ.

ಶ್ರುತಿಯನ್ನೂ, ಅಂದರೆ ಹಾಡಿಗೆ ಆಧಾರವಾದ ಸ್ವರವನ್ನೂ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಈಗಲೇ ಬರೆಯಿರಿ: ಎರಡೂವರೆ ಮನೆಯೋ, ನಾಲ್ಕನೆಯ ಮನೆಯೋ. ಒಂದೇ ಹಾಡನ್ನು ಕೆಲವು ವರ್ಷಗಳ ಅಂತರದಲ್ಲಿ ಹಾಡಿದ್ದರೆ ಶ್ರುತಿ ಇಳಿದಿರುವುದನ್ನು ಕಾಣಬಹುದು. ಅದೂ ಕಥೆಯ ಭಾಗವೇ.

4. ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ

ಒಂದೇ ಹಾಡಿನ ಎಲ್ಲ ಪ್ರತಿಗಳನ್ನೂ ಕಾಲಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಸಾಹಿತ್ಯವನ್ನು ಕೇಳಿದ ಹಾಗೆಯೇ ಬರೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿರುವ 'ಸರಿಯಾದ' ಸಾಲನ್ನು ನೋಡಿ ತಿದ್ದಬೇಡಿ. ಎಲ್ಲಿ ಪದ ಬದಲಾಗಿದೆ, ಎಲ್ಲಿ ನಡೆ ಬದಲಾಗಿದೆ ಎಂದು ಗುರುತು ಹಾಕಿ. ನಡೆ ಎಂದರೆ ಸಾಲು ಎಷ್ಟೆಷ್ಟು ಮಾತ್ರೆಗಳ ಗುಂಪಾಗಿ ಒಡೆಯುತ್ತದೆ ಎಂಬುದು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಅನುಸ್ವಾರವಿರುವ ಅಕ್ಷರಕ್ಕೂ ಎರಡು.

ನನ್ನದೇ ಒಂದು ಸಾಧಾರಣ ಹಾಡಿನಿಂದ ಉದಾಹರಣೆ ಕೊಡುತ್ತೇನೆ. ಮೊದಲ ಪ್ರತಿಯಲ್ಲಿ ಪಲ್ಲವಿ ಹೀಗಿದೆ:

ಬಾಗಿಲ ಬಳಿಯೇ ಅಜ್ಜಿಯ ಕೊಡೆಯಿದೆ

ಮೂರನೆಯ ಪ್ರತಿಯಲ್ಲಿ ಹೀಗಿದೆ:

ಬಾಗಿಲಲಿ ನಿಂತಿಹುದು ಅಜ್ಜಿಯಾ ಹಳೆಯ ಕೊಡೆ

ಮೊದಲನೆಯದು ನಾಲ್ಕು ಮಾತ್ರೆಯ ನಾಲ್ಕು ಗಣಗಳು. ಎಂಟು ಮಾತ್ರೆಯ ಕಹರವಾ ತಾಳಕ್ಕೆ ಸಲೀಸಾಗಿ ಕೂರುತ್ತದೆ. ಮೂರನೆಯ ಪ್ರತಿಯದು ಐದು ಮಾತ್ರೆಯ ನಾಲ್ಕು ಗಣಗಳು. ತಾಳವೂ ಐದರ ಖಂಡಛಾಪಿಗೆ ಹೊರಳಿದೆ. ಹೊಸದಾಗಿ ಬಂದ ಪದ 'ಹಳೆಯ' ಒಂದೇ, ಆದರೆ ಅದಕ್ಕಾಗಿ ಕೊಡೆ 'ನಿಂತಿಹುದು' ಆಯಿತು, 'ಅಜ್ಜಿಯಾ' ಎಂದು ಎಳೆಯಬೇಕಾಯಿತು, ಇಡೀ ರಾಗದ ಓಟವೇ ಕುಂಟು ನಡಿಗೆಯಾಯಿತು. ಕುಂಟು ನಡಿಗೆ ಬೇಕೆಂದೇ ಪದ ಬದಲಿಸಿದೆನೋ, ಪದ ಬಂದಮೇಲೆ ನಡೆ ತಾನಾಗಿ ಕುಂಟಿತೋ? ನಡುವಿನ ಎರಡನೆಯ ಪ್ರತಿಯನ್ನು ಕೇಳಿದರೆ ಉತ್ತರ ಸಿಗುತ್ತದೆ: ಅಲ್ಲಿ ಪದಗಳು ಹಳೆಯವೇ, ತಾಳ ಮಾತ್ರ ಐದರದು, ಪ್ರತಿ ಗಣದ ಕೊನೆಯಲ್ಲೂ ಒಂದೊಂದು ಮಾತ್ರೆ ಖಾಲಿ ಬಿದ್ದಿದೆ. ಅಂದರೆ ನಡೆ ಮೊದಲು ಬಂತು, ಪದ ಆಮೇಲೆ ಆ ಖಾಲಿಯನ್ನು ತುಂಬಿತು. ನನ್ನ ನೆನಪು ಇದಕ್ಕೆ ತದ್ವಿರುದ್ಧವಾಗಿತ್ತು.

5. ಕಾಗದ ಮತ್ತು ಹಳೆಯ ಕಡತಗಳು

ಡೈರಿ, ಬಸ್ ಟಿಕೆಟ್ಟಿನ ಹಿಂಭಾಗ, ಮದುವೆ ಕರೆಯೋಲೆಯ ಅಂಚು, ಎಲ್ಲೆಲ್ಲಿ ಸಾಲು ಗೀಚಿದ್ದೀರೋ ಅದರ ಫೋಟೊ ತೆಗೆಯಿರಿ. ಹಿಂದು ಮುಂದು ಎರಡೂ ಬದಿ ತೆಗೆಯುವುದನ್ನು ಮರೆಯಬೇಡಿ. ದಿನಾಂಕ ಇರುವುದು ಹೆಚ್ಚಾಗಿ ಹಿಂದಿನ ಬದಿಯಲ್ಲೇ.

ಕನ್ನಡದಲ್ಲಿ ಟೈಪಿಸುವವರಿಗೆ ತೊಡಕೊಂದಿದೆ. ಬಹಳ ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪಿಸಿದ ಸಾಹಿತ್ಯ ಯೂನಿಕೋಡ್ (ಇಂದಿನ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತ) ಅಲ್ಲದ ಅಕ್ಷರಶೈಲಿಯಲ್ಲಿದ್ದರೆ ಇಂದಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕಡತ ಕೆಟ್ಟಿದೆ ಎಂದು ಎಸೆಯಬೇಡಿ. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಂದೊಂದಾಗಿ ಕಣ್ಣಾಡಿಸಿ ತಿದ್ದಿ. ತಪ್ಪು ನುಸುಳುವುದು ಅಲ್ಲಿಯೇ.

6. ಈಗ ಬರೆಯಿರಿ

ಟಿಪ್ಪಣಿಯಲ್ಲಿ ಮೂರು ಬಗೆಯ ಮಾತುಗಳನ್ನು ಬೇರೆ ಬೇರೆಯಾಗಿಡಿ: ಮುದ್ರಣದಲ್ಲಿ ಕೇಳಿಸುವುದು, ನಿಮಗೆ ಅಥವಾ ಇತರರಿಗೆ ನೆನಪಿರುವುದು, ನೀವು ಊಹಿಸುವುದು. ಮೇಲಿನ ಹಾಡಿನ ಟಿಪ್ಪಣಿ ನನ್ನ ಪುಸ್ತಕದಲ್ಲಿ ಹೀಗಿದೆ.

ಹಾಡು: ಅಜ್ಜಿಯ ಕೊಡೆ, ಮೂರನೆಯ ಪ್ರತಿ. 14 ಆಗಸ್ಟ್ 2021, ಶನಿವಾರ, ರಾತ್ರಿ 9:40 (ಕಡತದ ಒಳ ವಿವರದಿಂದ). ಫೋನಿನ ಮೈಕು, ತಂಬೂರಿ ಆ್ಯಪ್, ಎರಡೂವರೆ ಮನೆ.
ಕೇಳಿಸುವುದು: ಮೊದಲಿನಿಂದ ಕೊನೆಯವರೆಗೂ ಶೀಟಿನ ಮೇಲೆ ಮಳೆ. 0:47ರಲ್ಲಿ ಬಾಗಿಲು ತೆರೆದ ಸದ್ದು. 2:12ರಲ್ಲಿ ಮಗಳ ಧ್ವನಿ, "ಅಪ್ಪಾ, ಮುಗೀತಾ?" ಎರಡನೆಯ ಚರಣ ಅಲ್ಲಿಗೇ ನಿಂತಿದೆ.
ನೆನಪು: ಅಜ್ಜಿ ಹೋದಮೇಲೂ ಆ ಕೊಡೆಯನ್ನು ಬಾಗಿಲ ಹಿಂದಿನ ಮೊಳೆಯಿಂದ ಯಾರೂ ತೆಗೆಯಲಿಲ್ಲ. "ಮಳೆ ಬಿಟ್ಟರೂ ಮರದ ಹನಿ ಬಿಡದು" ಎಂಬ ಗಾದೆಯಿಂದ ಎರಡನೆಯ ಚರಣ ಹೊರಟಿತು.
ಅಮ್ಮನ ಮಾತು, ಮರುವರ್ಷ ಫೋನಿನಲ್ಲಿ: ಆ ಕೊಡೆ ಅಜ್ಜಿಯದಲ್ಲ, ಅಜ್ಜನದು.
ಊಹೆ: ಎರಡನೆಯ ಚರಣವನ್ನು ಮತ್ತೆ ಯಾವತ್ತೂ ಪೂರ್ತಿ ಮಾಡದಿರಲು ಇದೇ ಕಾರಣವಿರಬಹುದು.

ಅಮ್ಮ ಹೇಳಿದ್ದನ್ನು ಕೇಳಿ ಹಾಡನ್ನು ತಿದ್ದಲಿಲ್ಲ. ಟಿಪ್ಪಣಿಯಲ್ಲಿ ಸೇರಿಸಿದೆ, ಅಷ್ಟೆ. ನೀವೂ ಹಾಗೇ ಮಾಡಿ. ಹಾಡು ನೀವು ಅಂದು ನಂಬಿದ್ದನ್ನು ಹೇಳುತ್ತದೆ, ಟಿಪ್ಪಣಿ ಇಂದು ತಿಳಿದಿರುವುದನ್ನು ಹೇಳುತ್ತದೆ.

ಹಾಡುವಾಗ ಕೋಣೆಯಲ್ಲಿದ್ದವರನ್ನು ಕೇಳುವುದಾದರೆ ಮುದ್ರಣವನ್ನು ಮೊದಲು ಅವರಿಗೆ ಕೇಳಿಸಿ, ಆಮೇಲೆ ಸುಮ್ಮನಿರಿ. "ಅವತ್ತು ಮಳೆ ಬರ್ತಿತ್ತು ಅಲ್ವಾ?" ಎಂದು ನೀವೇ ಎತ್ತಿಕೊಟ್ಟರೆ ಅವರು ಹೌದೆನ್ನುತ್ತಾರೆ, ನಿಮ್ಮ ನೆನಪೇ ನಿಮಗೆ ಸಾಕ್ಷಿಯಾಗಿ ಮರಳಿ ಬರುತ್ತದೆ. ನೂರು ಹಾಡುಗಳಿದ್ದರೆ ಯಾವುದರಿಂದ ಆರಂಭಿಸಬೇಕು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಯಾವ ಹಾಡಿನ ಸಾಕ್ಷಿಗೆ ಎಲ್ಲರಿಗಿಂತ ಹೆಚ್ಚು ವಯಸ್ಸಾಗಿದೆಯೋ ಆ ಹಾಡಿನಿಂದ.

7. ಇತರರ ಗುಟ್ಟು, ಇತರರ ಹಕ್ಕು

ಹಾಡು ಬದುಕಿರುವವರ ಕುರಿತಾಗಿದ್ದರೆ ಟಿಪ್ಪಣಿಯನ್ನು ಎರಡು ಪ್ರತಿ ಮಾಡಿ: ಒಂದು ಮನೆಯೊಳಗೆ ಉಳಿಯುವಂಥದ್ದು, ಇನ್ನೊಂದು ಹಾಡನ್ನು ಹೊರಗೆ ಹಂಚುವಾಗ ಜೊತೆಗೆ ಕೊಡುವಂಥದ್ದು. ಎರಡನೆಯದನ್ನು ಸಂಬಂಧಪಟ್ಟವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಹೆಸರು ತೆಗೆದರೆ ಸಾಕೆಂದುಕೊಳ್ಳಬೇಡಿ. ಊರು, ನೌಕರಿ, ಮದುವೆಯ ವರ್ಷ ಹೇಳಿದರೆ ನಮ್ಮ ಕಡೆ ಹೆಸರು ಹೇಳಿದ ಹಾಗೆಯೇ.

ಹಕ್ಕಿನ ವಿಷಯವನ್ನು ಚಿಕ್ಕದಾಗಿ ಹೇಳುವುದಾದರೆ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಈ ಮೂರೂ ಬೇರೆ ಬೇರೆ ಕೃತಿಗಳು. ಮೂರನ್ನೂ ಮಾಡಿದವರು ನೀವೇ ಆಗಿದ್ದರೆ ತಂಟೆಯಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಗೆಳೆಯರೊಬ್ಬರು ರಾಗ ಹಾಕಿದ್ದರೆ ಅದನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಪ್ರಸಿದ್ಧ ಕವಿಯ ಕವಿತೆಗೆ ನೀವು ರಾಗ ಹಾಕಿದ್ದರೆ ರಾಗವಷ್ಟೇ ನಿಮ್ಮದು. ಕವಿ ಬದುಕಿದ್ದಾಗ ಪ್ರಕಟವಾದ ಸಾಹಿತ್ಯದ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಆದ್ದರಿಂದ ಅವರ ಅಂಥ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ಮನೆಯಲ್ಲಿ ಹಾಡಿಕೊಳ್ಳುವುದಕ್ಕೂ ಲೋಕಕ್ಕೆಲ್ಲ ಹಂಚುವುದಕ್ಕೂ ವ್ಯತ್ಯಾಸವಿದೆ. ಹಂಚುವ ಮೊದಲು ಹಕ್ಕುದಾರರ ಅನುಮತಿ ಪಡೆಯಿರಿ.

8. ಹೆಸರಿಟ್ಟು ಉಳಿಸಿ

ಕಡತದ ಹೆಸರನ್ನು ವರ್ಷ, ತಿಂಗಳು, ದಿನ, ಹಾಡು, ಪ್ರತಿ ಎಂಬ ಕ್ರಮದಲ್ಲಿ ಇಡಿ: 2021-08-14_ಅಜ್ಜಿಯಕೊಡೆ_03. ವರ್ಷ ಮೊದಲು ಇದ್ದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 'ಕೊನೆಯದು', 'ನಿಜವಾಗಿ ಕೊನೆಯದು' ಎಂಬಂಥ ಹೆಸರುಗಳನ್ನು ಬಿಟ್ಟುಬಿಡಿ. ಟಿಪ್ಪಣಿಯನ್ನು ಅದೇ ಹೆಸರಿನ ಸರಳ ಪಠ್ಯ ಕಡತವಾಗಿ ಪಕ್ಕದಲ್ಲೇ ಇಡಿ. ವೇವ್ ಕಡತದ ಒಳಗೆ ವಿವರ ತುಂಬಿಸಿದರೆ ಎಲ್ಲ ತಂತ್ರಾಂಶಗಳೂ ಅದನ್ನು ಓದುವುದಿಲ್ಲ.

ಒಟ್ಟು ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲಿ ಮೇಲೆ ಹೇಳಿದ ಬಗೆಯ ಕಡತಗಳು ಹದಿನಾಲ್ಕು ಗಂಟೆಗೂ ಹೆಚ್ಚು ಹಿಡಿಯುತ್ತವೆ. ಆದರೆ ಅದೇ ಜಾಗವನ್ನು ನಿಮ್ಮ ಇಮೇಲು, ಫೋಟೊಗಳೂ ಹಂಚಿಕೊಳ್ಳುತ್ತವೆ ಎಂಬುದು ನೆನಪಿರಲಿ. ಫ್ಲ್ಯಾಕ್ ರೂಪಕ್ಕೆ ಬದಲಿಸಿದರೆ ಗುಣಮಟ್ಟ ಕಳೆಯದೆ ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಖಾತೆಯ ಗುಪ್ತಪದ ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ.

ಡಿಸ್ಕನ್ನು ಬೀರುವಿನಲ್ಲಿಟ್ಟು ಮರೆತರೆ ಅದು ಸದ್ದಿಲ್ಲದೆ ಕೆಟ್ಟಿರುತ್ತದೆ. ವರ್ಷಕ್ಕೊಂದು ದಿನ ಗೊತ್ತುಮಾಡಿಕೊಂಡು ಪರೀಕ್ಷಿಸಿ. ನಾನು ಆಯುಧಪೂಜೆಯ ದಿನವನ್ನು ಇಟ್ಟುಕೊಂಡಿದ್ದೇನೆ: ಸ್ಕೂಟರನ್ನು ತೊಳೆದಾದ ಮೇಲೆ, ಡಿಸ್ಕಿಗೆ ಕುಂಕುಮ ಇಡುವ ಮೊದಲು, ಅದನ್ನು ಕಂಪ್ಯೂಟರಿಗೆ ಜೋಡಿಸಿ ಪ್ರತಿ ವರ್ಷದ ಒಂದೊಂದು ಕಡತವನ್ನು ತೆರೆದು ಅರ್ಧ ನಿಮಿಷ ಕೇಳುತ್ತೇನೆ.